ಮಕ್ಕಳ ಆನ್‌ಲೈನ್ ಆಟಕ್ಕೆ ಮೊದಲ ಜೊತೆ ಮನೆಯವರೇ ಆಗಲಿ



ಸಂಘದ ಕಾರ್ಯಕ್ರಮಗಳಿಗೆ ಬರುವ ಹೆತ್ತವರು ಈಚೆಗೆ ಹೆಚ್ಚಾಗಿ ಕೇಳುವ ಪ್ರಶ್ನೆಯೊಂದಿದೆ. "ಮಗು ಮೊಬೈಲಿನಲ್ಲಿ ಆನ್‌ಲೈನ್ ಆಟ ಬೇಕೆಂದು ಹಠ ಮಾಡುತ್ತದೆ, ಕೊಡಬೇಕೇ, ಬೇಡವೇ?" ಕಾರಡ್ಕ, ಮುಳ್ಳೇರಿಯಾ, ಬದಿಯಡ್ಕ, ಪೆರ್ಲದ ಮನೆಗಳಲ್ಲಿ ಮಾತ್ರವಲ್ಲ, ಗಡಿಯಾಚೆ ಸುಳ್ಯ, ಪುತ್ತೂರಿನ ಮನೆಗಳಲ್ಲಿಯೂ ಇದೇ ಪ್ರಶ್ನೆ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಿಷೇಧವನ್ನೇ ನಂಬಿ ಕೂರುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಬಗೆಯ ಆಟ ಬೇರೆ ಹೆಸರಿನಲ್ಲಿ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಅದರ ಇನ್ನೊಂದು ಆವೃತ್ತಿ ಮುಂದುವರಿಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುತ್ತದೆ, ಉಳಿದ ಆಟಗಳನ್ನಲ್ಲ. ಆದ್ದರಿಂದ ಯಾವ ಆಟ, ಯಾರ ಜೊತೆ, ಎಷ್ಟು ಹೊತ್ತು ಎಂದು ತೀರ್ಮಾನಿಸುವ ಕೆಲಸ ಕೊನೆಗೆ ಮನೆಯವರ ಮೇಲೆಯೇ ಬೀಳುತ್ತದೆ.

ಈ ಮೂರರಲ್ಲಿ "ಯಾರ ಜೊತೆ" ಎಂಬುದೇ ಮುಖ್ಯವೆಂದು ನನ್ನ ಅಭಿಪ್ರಾಯ. ಚೆನ್ನೆಮಣೆಯನ್ನು ನಾವು ಪುಸ್ತಕ ಓದಿ ಕಲಿತವರಲ್ಲ. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯೋ ಅಕ್ಕನೋ ಎದುರು ಕೂತು, ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕು ಕಾಯಿ ಹಾಕಿ ಆಡಿಸಿದರು. ಆಟದೊಂದಿಗೆ ಸೋಲನ್ನು ಸಹಿಸುವುದೂ ಸರದಿಗೆ ಕಾಯುವುದೂ ನಾಲ್ಕು ಒಳ್ಳೆಯ ಮಾತುಗಳೂ ಬಂದವು. ಆನ್‌ಲೈನ್ ಆಟದಲ್ಲಿ ಎದುರು ಕೂತವರು ಕಾಣುವುದಿಲ್ಲ. ಆ ಜಾಗವನ್ನು ನಾವು ಖಾಲಿ ಬಿಟ್ಟರೆ ಯಾರೋ ಅಪರಿಚಿತರು ಬಂದು ಕೂರುತ್ತಾರೆ.

ಯಾವ ಆಟ?

ಆರು ವರ್ಷ ದಾಟಿದ ಮಗುವಿಗೆ ಮೊದಲ ಆನ್‌ಲೈನ್ ಆಟವಾಗಿ ನಾನು ಸೂಚಿಸುವುದು ಚದುರಂಗ. ಅದಕ್ಕೂ ಚಿಕ್ಕವರಿಗೆ ಅವಸರ ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ಚದುರಂಗ ಆಡಲು ಲೀಚೆಸ್ ಎಂಬ ಜಾಲತಾಣವಿದೆ. ಫ್ರಾನ್ಸಿನ ತೀಬೋ ಡುಪ್ಲೆಸಿ ಎಂಬವರು 2010ರಲ್ಲಿ ಆರಂಭಿಸಿದ್ದು. ಲಾಭದ ಉದ್ದೇಶವಿಲ್ಲದ ಸಂಸ್ಥೆ ನಡೆಸುತ್ತಿದೆ. ಜಾಹೀರಾತು ಇಲ್ಲ, ಶುಲ್ಕ ಇಲ್ಲ, ಆಟದೊಳಗೆ ಕೊಳ್ಳಬೇಕಾದದ್ದು ಏನೂ ಇಲ್ಲ. ಸಾಧಾರಣ ಮೊಬೈಲಿನಲ್ಲಿಯೂ ನಡೆಯುತ್ತದೆ. ನಮಗೆ ಸಂತೋಷದ ವಿಷಯವೆಂದರೆ ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಬ್ರೌಸರಿನಲ್ಲಿ ತಾಣವನ್ನು ತೆರೆದು, ಮೇಲಿನ ಮೂಲೆಯ ಮೆನುವಿನಲ್ಲಿ ಭಾಷೆಯನ್ನು ಬದಲಿಸಬಹುದು. ಕೆಲವು ಪದಗಳು ಇಂಗ್ಲಿಷಿನಲ್ಲಿಯೇ ಉಳಿದಿರುತ್ತವೆ, ಗಾಬರಿಯಾಗಬೇಡಿ.

ಮೊದಲು ಹಲಗೆಯ ಮೇಲೆ

ಮೊದಲ ಒಂದೆರಡು ವಾರ ಮೊಬೈಲ್ ಬೇಡ. ಹಲಗೆ ಹಾಸಿ, ಎರಡೂ ಕಡೆ ಎಂಟೆಂಟು ಕಾಲಾಳುಗಳನ್ನು ಮಾತ್ರ ಇಟ್ಟು ಆಡಿ. ಯಾರ ಕಾಲಾಳು ಮೊದಲು ಆಚೆ ಬದಿ ಮುಟ್ಟುತ್ತದೋ ಅವರು ಗೆದ್ದರು. ಕಾಯಿ ಕಳೆದುಹೋಗಿದ್ದರೆ ಅಡಿಕೆ ಇಟ್ಟರೂ ಸಾಕು. ಮಗುವಿಗೆ ಇದು ಹಿಡಿಸಿದ ಮೇಲೆ ಆನೆ, ಒಂಟೆ, ಮಂತ್ರಿ, ರಾಜ, ಕುದುರೆ ಎಂದು ಒಂದೊಂದನ್ನೇ ಸೇರಿಸಿ. ಕುದುರೆಯ ನಡೆ ಕಷ್ಟ, ಅದು ಕೊನೆಗೆ ಬರಲಿ.

ಇಲ್ಲಿ ನಮ್ಮ ಊರಿನದ್ದೇ ಆದ ಒಂದು ತೊಡಕಿದೆ. ಕನ್ನಡದಲ್ಲಿ ಸಾಮಾನ್ಯವಾಗಿ ಮೂಲೆಯಲ್ಲಿ ನಿಂತು ನೇರ ಓಡುವ ಕಾಯಿಗೆ ಆನೆ ಎನ್ನುತ್ತೇವೆ, ಓರೆಯಾಗಿ ಓಡುವುದಕ್ಕೆ ಒಂಟೆ ಎನ್ನುತ್ತೇವೆ. ಮಲಯಾಳದಲ್ಲಿ ಮೂಲೆಯ ಕಾಯಿ ತೇರು, ಓರೆ ಓಡುವುದು ಆನ. ಮನೆಯಲ್ಲಿ "ಆನೆ ನಡೆಸು" ಎಂದರೆ ಒಂದು ಕಾಯಿ, ಶಾಲೆಯ ಗೆಳೆಯ "ಆನ" ಎಂದರೆ ಇನ್ನೊಂದು ಕಾಯಿ. ಮಗು ತಬ್ಬಿಬ್ಬಾಗುವುದು ಸಹಜ. ಎರಡನ್ನೂ ಹೇಳಿಕೊಡಿ. "ನಮ್ಮ ಆನೆ ಅವರ ತೇರು, ನಮ್ಮ ಒಂಟೆ ಅವರ ಆನ" ಎಂದು ಒಂದು ಸಲ ತಿಳಿಸಿದರೆ ಮಗುವಿಗೆ ಎರಡು ಭಾಷೆಯೂ ಗಟ್ಟಿಯಾಗುತ್ತದೆ. ಮನೆಮಾತು ತುಳುವಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಆಟದ ಹೊತ್ತಿನಲ್ಲಿ ಕನ್ನಡದ ಹೆಸರುಗಳನ್ನು ಬಳಸಿ ಎಂಬುದು ನನ್ನ ವಿನಂತಿ. ಓರೆ, ನೇರ, ಅಡ್ಡ, ಹಿಮ್ಮೆಟ್ಟು, ಕಾವಲು, ಬಲೆ, ಸರದಿ ಮುಂತಾದ ಪದಗಳು ಪಾಠಪುಸ್ತಕಕ್ಕಿಂತ ಇಲ್ಲಿ ಬೇಗ ನಾಲಗೆಗೆ ಹತ್ತುತ್ತವೆ.

ಲೀಚೆಸ್‌ನಲ್ಲಿ ಕಲಿಕೆಯ ವಿಭಾಗವೂ ಇದೆ. ಅಲ್ಲಿ ಒಂದೊಂದು ಕಾಯಿಯನ್ನು ನಡೆಸಿ ನಕ್ಷತ್ರಗಳನ್ನು ಹೆಕ್ಕಬೇಕು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೂ ಕಲಿಯಬಹುದು. ಚದುರಂಗ ಬಾರದ ತಾಯಂದಿರು ಸಂಕೋಚಪಡಬೇಕಾಗಿಲ್ಲ. ಅಮ್ಮನಿಗೂ ಗೊತ್ತಿಲ್ಲ, ಇಬ್ಬರೂ ಒಟ್ಟಿಗೆ ಕಲಿಯುತ್ತಿದ್ದೇವೆ ಎಂದರೆ ಮಗುವಿಗೆ ಹುರುಪು ಹೆಚ್ಚು.

ಮತ್ತೆ ಆನ್‌ಲೈನ್

ಮೊದಲ ಆನ್‌ಲೈನ್ ಆಟ ಒಂದೇ ಕೋಣೆಯಲ್ಲಿ, ಎರಡು ಮೊಬೈಲುಗಳಲ್ಲಿ ನಡೆಯಲಿ. ಕ್ರಮ ಹೀಗೆ:

1. ಲೀಚೆಸ್ ಮುಖಪುಟದಲ್ಲಿ ಸ್ನೇಹಿತರಿಗೆ ಸವಾಲು ಹಾಕುವ ಗುಂಡಿಯನ್ನು ಒತ್ತಿ. ಇದಕ್ಕೆ ಖಾತೆ ತೆರೆಯಬೇಕಾಗಿಲ್ಲ.

2. ಸಮಯದ ಜಾಗದಲ್ಲಿ ಮಿತಿ ಇಲ್ಲದ್ದನ್ನು ಆರಿಸಿ. ಗಡಿಯಾರ ಓಡುತ್ತಿದ್ದರೆ ಚಿಕ್ಕ ಮಕ್ಕಳು ಯೋಚಿಸುವುದಿಲ್ಲ.

3. ಒಂದು ಲಿಂಕ್ ಬರುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಆಡಬೇಕಾದವರಿಗೆ ಮಾತ್ರ ಕಳುಹಿಸಿ. ಕುಟುಂಬದ ಗುಂಪಿಗೆ ಹಾಕಬೇಡಿ. ಲಿಂಕನ್ನು ಮೊದಲು ತೆರೆದವರೇ ಎದುರಾಳಿಯಾಗುತ್ತಾರೆ, ಮಗ ಕಾಯುತ್ತಿರುವಾಗ ಚಿಕ್ಕಪ್ಪ ಬಂದು ಕೂರುವ ಸಂಭವವಿದೆ.

4. ಮಗು ಅರಿಯದೆ ನಡೆಸಿದರೆ ನಡೆಯನ್ನು ಹಿಂದೆ ತೆಗೆದುಕೊಳ್ಳಲು ಕೇಳುವ ಗುಂಡಿ ಇದೆ. ನೀವು ಒಪ್ಪಿದರೆ ಮಾತ್ರ ನಡೆ ಹಿಂದೆ ಹೋಗುತ್ತದೆ. ಒಂದು ಆಟಕ್ಕೆ ಮೂರು ಸಲ ಎಂದು ಮೊದಲೇ ಮಾತಾಡಿಕೊಳ್ಳಿ.

ಬೇಕೆಂದೇ ಸೋಲಬೇಡಿ, ಮಕ್ಕಳಿಗೆ ಅದು ಗೊತ್ತಾಗುತ್ತದೆ. ಅದರ ಬದಲು ಆರಂಭದಲ್ಲಿಯೇ ನಿಮ್ಮ ಮಂತ್ರಿಯನ್ನು ಹೇಳಿ ಕೊಟ್ಟುಬಿಡಿ, ಉಳಿದ ಕಾಯಿಗಳಲ್ಲಿ ಮನಸ್ಸಿಟ್ಟು ಆಡಿ. ಮಗು ಬಲಿತಂತೆ ಮಂತ್ರಿಯನ್ನು ಉಳಿಸಿಕೊಳ್ಳಬಹುದು.

ದೂರದ ಅಪ್ಪನ ಜೊತೆ

ನಮ್ಮಲ್ಲಿ ಗಲ್ಫಿನಲ್ಲಿ ದುಡಿಯುವ ತಂದೆಯಂದಿರು ಅನೇಕರಿದ್ದಾರೆ. ವಿಡಿಯೋ ಕರೆಯಲ್ಲಿ "ಊಟ ಆಯಿತಾ, ಶಾಲೆಗೆ ಹೋದಿಯಾ" ಎಂದು ಕೇಳಿದ ಮೇಲೆ ಮಾತು ಮುಗಿಯುತ್ತದೆ, ಮಗು ಎದ್ದು ಓಡುತ್ತದೆ. ಆಟವೊಂದು ನಡುವೆ ಇದ್ದರೆ ಮಾತು ತಾನಾಗಿ ಬರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ಕೆಲಸ ಮುಗಿಯುವಾಗ ಇಲ್ಲಿ ಮಗುವಿಗೆ ನಿದ್ದೆಯ ಹೊತ್ತು. ಅಂಥವರು ಇಬ್ಬರೂ ಖಾತೆ ತೆರೆದು, ಒಂದು ನಡೆಗೆ ಒಂದೆರಡು ದಿನ ಅವಕಾಶವಿರುವ ಪತ್ರವ್ಯವಹಾರದ ಆಟವನ್ನು ಆರಿಸಬಹುದು. ಅಪ್ಪ ಬೆಳಿಗ್ಗೆ ಒಂದು ನಡೆ ನಡೆಸಿದರೆ ಮಗಳು ಶಾಲೆಯಿಂದ ಬಂದು ಉತ್ತರ ಕೊಡುತ್ತಾಳೆ. ಹಿಂದೆ ಅಂಚೆ ಕಾರ್ಡಿನಲ್ಲಿ ಹೀಗೆಯೇ ಆಡುತ್ತಿದ್ದರು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ರೇಂಜೂ ಹೋಗುತ್ತದೆ. ನೇರ ಆಟದ ಮಧ್ಯೆ ಹಾಗಾದರೆ ಎದುರಾಳಿ ಇದ್ದಕ್ಕಿದ್ದಂತೆ ಮರೆಯಾಗುತ್ತಾರೆ. ಕಾಯೋಣ ಎಂದು ಮಗುವಿಗೆ ಹೇಳಿಕೊಡಿ. ಆಟದ ಮರ್ಯಾದೆ ಅಲ್ಲಿಂದಲೇ ಆರಂಭವಾಗುತ್ತದೆ.

ಅಪರಿಚಿತರ ಜೊತೆ ಆಡುವುದು ಬಹಳ ನಂತರದ ಮಾತು. ಆಗಲೂ ಮಗುವಿನ ಖಾತೆಯಲ್ಲಿ ಕಿಡ್ ಮೋಡ್ ಎಂಬ ವ್ಯವಸ್ಥೆಯನ್ನು ಮೊದಲೇ ಹಾಕಿಡಿ. ಅದು ಬೇರೆಯವರೊಂದಿಗಿನ ಸಂದೇಶ, ಮಾತುಕತೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಖಾತೆಗೆ ಮಗುವಿನ ನಿಜ ಹೆಸರು, ಶಾಲೆ, ಊರಿನ ಹೆಸರು ಬೇಡ.

ಎಷ್ಟು ಹೊತ್ತು?

ಗಡಿಯಾರದ ಲೆಕ್ಕಕ್ಕಿಂತ ಆಟದ ಲೆಕ್ಕ ಒಳ್ಳೆಯದು. "ಇವತ್ತು ಒಂದೇ ಆಟ" ಎಂದರೆ ಮಗುವಿಗೆ ಅರ್ಥವಾಗುತ್ತದೆ. ಆಟದ ಮಧ್ಯೆ ಮೊಬೈಲ್ ಕಿತ್ತುಕೊಂಡರೆ ಜಗಳ ಖಂಡಿತ. ಚದುರಂಗಕ್ಕೆ ಒಂದು ಕೊನೆ ಇದೆ, ಮುಗಿದ ಮೇಲೆ ಎದ್ದು ಹೋಗಬಹುದು. ಒಂದು ಮುಗಿಯುವ ಮೊದಲೇ ಮುಂದಿನದಕ್ಕೆ ಕರೆಯುವ ಗುಂಡು ಹೊಡೆಯುವ ಆಟಗಳಲ್ಲಿ ಆ ಅನುಕೂಲ ಇಲ್ಲ.

ಚದುರಂಗ ಒಗ್ಗದ ಮಕ್ಕಳೂ ಇರುತ್ತಾರೆ. ಕಟ್ಟುವುದರಲ್ಲಿ ಆಸಕ್ತಿಯಿದ್ದರೆ ಮೈನ್‌ಕ್ರಾಫ್ಟ್ ನೋಡಬಹುದು. 2011ರಲ್ಲಿ ಸ್ವೀಡನ್ನಿನಿಂದ ಪೂರ್ಣರೂಪದಲ್ಲಿ ಬಂದ ಈ ಆಟದ ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಕನ್ನಡ ಇದೆ. ಆದರೆ ದುಡ್ಡು ಕೊಟ್ಟು ಕೊಳ್ಳಬೇಕು, ಇಬ್ಬರು ಆಡಲು ಎರಡು ಖಾತೆ ಬೇಕು. ಮನೆಯ ವೈಫೈ ಒಳಗೇ ತಂದೆ ಮಗ ಸೇರಿ ಮನೆ ಕಟ್ಟಬಹುದು, ಹೊರಗಿನವರು ಬರಬೇಕಾಗಿಲ್ಲ.

ಈಗಾಗಲೇ ಮಗು ಆಟಕ್ಕಾಗಿ ಊಟ, ನಿದ್ದೆ, ಶಾಲೆ ಬಿಡುವ ಹಂತಕ್ಕೆ ಬಂದಿದ್ದರೆ ಬೈದು ಪ್ರಯೋಜನವಿಲ್ಲ, ಚದುರಂಗವೂ ಅದಕ್ಕೆ ಮದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಎಂಬ ವಿಭಾಗ ಇದಕ್ಕಾಗಿಯೇ ಇದೆ. ಕೇರಳ ಪೊಲೀಸರು 2023ರಲ್ಲಿ ಆರಂಭಿಸಿದ ಡಿ-ಡ್ಯಾಡ್ ಕೇಂದ್ರಗಳಲ್ಲಿ ಒಂದು ಕಣ್ಣೂರಿನಲ್ಲಿದೆ. ಮಕ್ಕಳ ಸಹಾಯವಾಣಿ 1098. ಯಾರಾದರೂ ಆಟದ ಹೆಸರಿನಲ್ಲಿ ಹಣ ಎಗರಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಅಜ್ಜ ಅಜ್ಜಿಯಂದಿರಿಗೆ ಒಂದು ಮಾತು. ತ್ರಿಶ್ಶೂರಿನ ನಿಹಾಲ್ ಸರಿನ್ 2018ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ ಹದಿನಾಲ್ಕು ವರ್ಷ. ಅವರಿಗೆ ಆಟದ ನಿಯಮಗಳನ್ನು ಕಲಿಸಿದ್ದು ಅವರ ಅಜ್ಜ. ನಮ್ಮ ಮೊಮ್ಮಕ್ಕಳು ಅಷ್ಟು ದೊಡ್ಡವರಾಗಬೇಕೆಂದೇನೂ ಇಲ್ಲ. ಆದರೆ ನಿವೃತ್ತರಾಗಿ ಸಮಯ ಹೇಗೆ ಕಳೆಯುವುದು ಎನ್ನುವವರಿಗೆ ಕೆಲಸ ಕಾದಿದೆ.

ಕೊನೆಯದಾಗಿ, ಲೀಚೆಸ್‌ನ ಕನ್ನಡ ಸ್ವಯಂಸೇವಕರು ಮಾಡಿದ್ದು. ಕ್ರೌಡಿನ್ ಎಂಬ ತಾಣದಲ್ಲಿ ಯಾರು ಬೇಕಾದರೂ ಖಾತೆ ತೆರೆದು ಬಿಟ್ಟುಹೋದ ಪದಗಳಿಗೆ ಅನುವಾದ ಸೂಚಿಸಬಹುದು. ಕನ್ನಡಕ್ಕಾಗಿ ಮನವಿ ಬರೆಯುತ್ತ ಬಂದವರು ನಾವು. ಇಲ್ಲಿ ಮನವಿ ಬೇಕಾಗಿಲ್ಲ, ನಾವೇ ಬರೆದರೆ ಸಾಕು. ಸಂಘದಲ್ಲಿರುವ ನಿವೃತ್ತ ಅಧ್ಯಾಪಕರು ಇದಕ್ಕೆ ಮುಂದಾಗಬೇಕೆಂದು ಕೋರುತ್ತೇನೆ. ಭಾಷೆ ಬದಲಿಸಲು ಅಥವಾ ಲಿಂಕ್ ಕಳುಹಿಸಲು ತೊಂದರೆಯಾದವರು ಮೊಬೈಲ್ ಹಿಡಿದುಕೊಂಡು, ಮಗುವನ್ನೂ ಕರೆದುಕೊಂಡು ಸಂಘದ ಕಚೇರಿಗೆ ಬನ್ನಿ.

ಕಾರ್ಯದರ್ಶಿ