ಪುಟ್ಟಿ ಪೊಲೀಸರಿಗೆ ನಿಜ ಹೇಳಿದಳು!

ಜೂನ್ ತಿಂಗಳ ಲಾಂಗ್ ವೀಕೆಂಡ್. ಸ್ನೇಹಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೊಟ್ಟೆ ತುಂಬಾ ಪ್ರಸಾದ ತಿಂದು, ರಾತ್ರಿ ಒಂಬತ್ತರ ಹೊತ್ತಿಗೆ ಪ್ಯಾರಮಟ್ಟಾ ಕಡೆಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಊರಿಂದ ಬಂದಿದ್ದ ನಮ್ಮತ್ತೆ, ಪಕ್ಕದ ಬೂಸ್ಟರ್ ಸೀಟಿನಲ್ಲಿ ಐದು ವರ್ಷದ ಪುಟ್ಟಿ. ಅವಳಿಗೆ ನಿದ್ದೆ ಬರುವ ಮುಂಚಿನ ರಗಳೆ ಶುರುವಾಯಿತು. "ಪಾಪ, ಮಗೂನ ಹೀಗೆ ಕಟ್ಟಿಹಾಕಿಬಿಟ್ರೆ ಹೇಗೋ? ಇನ್ನೇನು ಮನೆ ಬಂತಲ್ಲ" ಎಂದು ಅತ್ತೆ ಬೆಲ್ಟು ಬಿಚ್ಚಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಬೇಡ ಎನ್ನಬೇಕಾದ ನಾವು ಸುಮ್ಮನಿದ್ದೆವು.

ಎರಡು ನಿಮಿಷ ಆಗಿತ್ತೋ ಇಲ್ಲವೋ, ಮುಂದೆ ಕೆಂಪು ನೀಲಿ ದೀಪಗಳು! ಕುಡಿದು ಓಡಿಸುವವರನ್ನು ಹಿಡಿಯುವ ಬ್ರೆತ್ ಟೆಸ್ಟಿನ ಸಾಲು. ಅತ್ತೆ ಗಾಬರಿಯಲ್ಲಿ ಪುಟ್ಟಿಯನ್ನು ಸೀಟಿಗೆ ದೂಡಿ ಬೆಲ್ಟು ಸಿಕ್ಕಿಸಿದರು. ಹತ್ತಿರ ಬಂದ ಪೊಲೀಸ್ ಆಫೀಸರ್ ಹಿಂದಿನ ಸೀಟಿನ ಗಡಿಬಿಡಿ ಗಮನಿಸಿದ್ದರೇನೋ, ಎಲ್ಲರೂ ಬೆಲ್ಟು ಹಾಕಿಕೊಂಡೇ ಬಂದಿರಾ ಎಂದು ಕೇಳಿದರು. ನಮ್ಮವರು "ಹೌದು, ಎಲ್ಲರೂ" ಎಂದರು. ನಾವೂ ತಲೆಯಾಡಿಸಿದೆವು. ಆಗ ಹಿಂದಿನಿಂದ ಪುಟ್ಟಿಯ ಸ್ಪಷ್ಟವಾದ ಇಂಗ್ಲಿಷ್ ಕೇಳಿಸಿತು. "ಈಗ ಹಾಕಿದೆ, ಮೊದಲು ನಾನು ಅಜ್ಜಿ ತೊಡೆ ಮೇಲಿದ್ದೆ!"

ದಂಡವೂ ಬಿತ್ತು, ಡಿಮೆರಿಟ್ ಪಾಯಿಂಟೂ ಬಿತ್ತು. ಲಾಂಗ್ ವೀಕೆಂಡ್ ಆದ್ದರಿಂದ 3 ಪಾಯಿಂಟ್ 6 ಆಯಿತು. ಪೂರ್ಣ ಲೈಸೆನ್ಸ್ ಇರುವವರು ಮೂರು ವರ್ಷದಲ್ಲಿ 13 ಪಾಯಿಂಟ್ ತಲುಪಿದರೆ ಲೈಸೆನ್ಸಿಗೇ ಕುತ್ತು. ಆದರೆ ನಾವು ಬರೆಯಹೊರಟಿರುವುದು ಪಾಯಿಂಟಿನ ಬಗ್ಗೆ ಅಲ್ಲ. ಮನೆಗೆ ಬಂದ ಮೇಲೆ ನಾವು ಮಾಡಿದ ಇನ್ನೊಂದು ತಪ್ಪಿನ ಬಗ್ಗೆ. "ನಿನ್ನನ್ನ ಯಾರು ಕೇಳಿದ್ರು? ಸುಮ್ನಿರೋಕೆ ಆಗಲ್ವಾ?" ಎಂದು ಮಗುವನ್ನು ಗದರಿಸಿದೆವು. ಅವಳು ಬಿಕ್ಕುತ್ತಾ, "ಸುಳ್ಳು ಹೇಳಬಾರದು ಅಂತ ನೀವೇ ಹೇಳಿದ್ದು" ಎಂದಳು. ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಮಕ್ಕಳು ಯಾಕೆ ಹೇಳಿಬಿಡುತ್ತಾರೆ?

ಸುಳ್ಳು ಹೇಳುವುದು ಸುಲಭ, ನಿಜ ಹೇಳುವುದು ಕಷ್ಟ ಎಂದು ನಾವು ದೊಡ್ಡವರು ಅಂದುಕೊಂಡಿದ್ದೇವೆ. ಚಿಕ್ಕ ಮಕ್ಕಳಿಗೆ ಅದು ಉಲ್ಟಾ. ಸುಳ್ಳು ಹೇಳಬೇಕಾದರೆ ನಡೆದದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಎದುರಿಗಿರುವವರಿಗೆ ಏನು ಗೊತ್ತು ಏನು ಗೊತ್ತಿಲ್ಲ ಎಂದು ಊಹಿಸಬೇಕು, ಇನ್ನೊಂದು ಕಥೆ ಕಟ್ಟಬೇಕು, ಮುಂದಿನ ಪ್ರಶ್ನೆಗೂ ಆ ಕಥೆಗೆ ಹೊಂದುವ ಉತ್ತರವನ್ನೇ ಕೊಡಬೇಕು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಇದು ಬೇಗ ಅರ್ಥವಾಯಿತು. ಒಂದೇ ಮಾಹಿತಿಯ ಎರಡು ಪ್ರತಿ ಇಟ್ಟುಕೊಂಡರೆ ಅವೆರಡನ್ನೂ ಹೊಂದಿಸುವುದೇ ದೊಡ್ಡ ತಲೆನೋವು!

ಬೇರೆಯವರ ಮನಸ್ಸಿನಲ್ಲಿ ಇರುವುದು ನನ್ನ ಮನಸ್ಸಿನಲ್ಲಿ ಇರುವುದಕ್ಕಿಂತ ಬೇರೆ ಇರಬಹುದು ಎಂಬ ತಿಳಿವಳಿಕೆ ಮಕ್ಕಳಿಗೆ ಸುಮಾರು ನಾಲ್ಕನೇ ವಯಸ್ಸಿನ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಅದಾದ ಮೇಲೂ ಸುಳ್ಳನ್ನು ಕೊನೆಯವರೆಗೆ ಕಾಪಾಡಿಕೊಳ್ಳುವ ಚಾಕಚಕ್ಯತೆ ಬರಲು ಇನ್ನೂ ಕೆಲವು ವರ್ಷ ಬೇಕು. ಹಾಗಾಗಿ ಐದು ವರ್ಷದ ಮಗು ಪೊಲೀಸರ ಮುಂದೆ ಬಾಯಿಬಿಟ್ಟರೆ ಅದು ಅಪ್ಪ ಅಮ್ಮನಿಗೆ ಮಾಡಿದ ದ್ರೋಹವಲ್ಲ. ಅದು ಕಂಡದ್ದನ್ನು ಕಂಡ ಹಾಗೆ ಹೇಳಿತು, ಅಷ್ಟೇ.

ಅಪ್ಪ ಅಮ್ಮನ ಗುಟ್ಟು, ಒಂದು ಪ್ರಯೋಗ

ಈ ವಿಷಯವನ್ನೇ ಹಿಡಿದು ವಿಕ್ಟೋರಿಯಾ ತಲ್ವಾರ್, ಕಾಂಗ್ ಲೀ, ಕೆನಡಾದ ಕಾನೂನು ಪ್ರಾಧ್ಯಾಪಕ ನಿಕೊಲಸ್ ಬಾಲಾ ಮೊದಲಾದವರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 3ರಿಂದ 11 ವರ್ಷದ ಮಕ್ಕಳ ಎದುರು ಅವರ ಅಪ್ಪನೋ ಅಮ್ಮನೋ ಒಂದು ಗೊಂಬೆ ಮುರಿದು, ಯಾರಿಗೂ ಹೇಳಬೇಡ ಎಂದು ತಾಕೀತು ಮಾಡುತ್ತಿದ್ದರು. ಆಮೇಲೆ ಬೇರೆಯವರು ಬಂದು ಏನಾಯಿತು ಎಂದು ಕೇಳುತ್ತಿದ್ದರು. ಹೆಚ್ಚಿನ ಮಕ್ಕಳು ನಿಜವನ್ನೇ ಹೇಳಿದರು. ಹೆತ್ತವರು ಪಕ್ಕದಲ್ಲಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ!

ಆದರೆ ಅದರಲ್ಲೇ ಇನ್ನೊಂದು ಅಂಶ ಇದೆ. ಗೊಂಬೆ ಮುರಿದ ತಪ್ಪು ತಮ್ಮ ತಲೆಗೆ ಬರುವ ಸಾಧ್ಯತೆ ಕಡಿಮೆ ಎಂದಾಗ, ಅಪ್ಪ ಅಮ್ಮನಿಗಾಗಿ ಸುಳ್ಳು ಹೇಳಿದ ಮಕ್ಕಳ ಸಂಖ್ಯೆ ಗಮನಾರ್ಹವಾಗಿ ಹೆಚ್ಚಿತು. ಅಂದರೆ ಮಕ್ಕಳು ಬರೀ ಮುಗ್ಧರಲ್ಲ. ಯಾರನ್ನು ಕಾಪಾಡಬೇಕು ಎಂಬ ಲೆಕ್ಕಾಚಾರ ಆ ಪುಟ್ಟ ತಲೆಯಲ್ಲೂ ನಡೆಯುತ್ತದೆ. ಅದೇ ಮಕ್ಕಳ ಜೊತೆ ನಿಜ ಮತ್ತು ಸುಳ್ಳಿನ ಬಗ್ಗೆ ಮಾತಾಡಿ, "ನಿಜ ಹೇಳ್ತೀನಿ" ಎಂದು ಮಾತು ತೆಗೆದುಕೊಂಡಾಗ ಮತ್ತಷ್ಟು ಮಕ್ಕಳು ನಿಜ ಹೇಳಿದರು. ಕೊಟ್ಟ ಮಾತಿನ ಬೆಲೆ ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಹೊಸದೇನಲ್ಲ.

ದೊಡ್ಡವರೇ ಸುಳ್ಳು ಹೇಳಿದರೆ? 2014ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದ ಅಧ್ಯಯನದಲ್ಲಿ 3ರಿಂದ 7 ವರ್ಷದ 186 ಮಕ್ಕಳಿದ್ದರು. ಕೆಲವರಿಗೆ ಪಕ್ಕದ ರೂಮಿನಲ್ಲಿ ದೊಡ್ಡ ಬಟ್ಟಲು ತುಂಬಾ ಮಿಠಾಯಿ ಇದೆ ಎಂದು ಹೇಳಿ, ಆಮೇಲೆ ಅದು ಸುಳ್ಳು ಎಂದು ಒಪ್ಪಿಕೊಳ್ಳಲಾಯಿತು. ನಂತರ ಎಲ್ಲರಿಗೂ ಒಂದು ಆಟಿಕೆಯನ್ನು ಕದ್ದು ನೋಡಬೇಡ ಎಂದು ಹೇಳಿ ಒಂಟಿಯಾಗಿ ಬಿಟ್ಟರು. ಶಾಲೆಗೆ ಹೋಗುವ ವಯಸ್ಸಿನವರಲ್ಲಿ, ಸುಳ್ಳು ಕೇಳಿಸಿಕೊಳ್ಳದ ಮಕ್ಕಳ ಪೈಕಿ ಕದ್ದು ನೋಡಿದವರು ನೂರಕ್ಕೆ ಸುಮಾರು 60, ಹಾಗೆ ನೋಡಿದವರಲ್ಲಿ ಇಲ್ಲವೆಂದು ಸುಳ್ಳು ಹೇಳಿದವರೂ ನೂರಕ್ಕೆ ಸುಮಾರು 60. ಸುಳ್ಳು ಕೇಳಿಸಿಕೊಂಡವರಲ್ಲಿ ಕದ್ದು ನೋಡಿದವರು ಸುಮಾರು 80, ಅವರಲ್ಲಿ ಸುಳ್ಳು ಹೇಳಿದವರು ಸುಮಾರು 90! ಇನ್ನೂ ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅಂದರೆ ಪುಟ್ಟಿಯಂಥ ಐದು ವರ್ಷದವರು ಈಗ ತಾನೇ ನಮ್ಮನ್ನು ನೋಡಿ ಕಲಿಯುವ ಬಾಗಿಲಲ್ಲಿ ನಿಂತಿದ್ದಾರೆ.

ಒಂದು ಪಾಯಿಂಟಿಗಾಗಿ...

ನಮ್ಮ ಕೂಟಗಳಲ್ಲಿ ಊಟದ ತಟ್ಟೆ ಹಿಡಿದು ಮಾತಾಡುವಾಗ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. "ಸ್ಪೀಡ್ ಕ್ಯಾಮೆರಾ ಫೈನ್ ಬಂತಾ? ಅಯ್ಯೋ, ಊರಿಂದ ಬಂದಿರೋ ಮಾವನೋರ ಹೆಸರು ಹಾಕಿ ಬಿಡಿ. ಮುಂದಿನ ತಿಂಗಳು ಅವರು ವಾಪಸ್ ಹೋಗ್ತಾರಲ್ಲ!" ಎಲ್ಲರೂ ನಗುತ್ತಾರೆ. ಅಲ್ಲೇ ಕಾಲ ಬಳಿ ಆಡುತ್ತಿರುವ ಮಕ್ಕಳ ಕಿವಿಗೂ ಅದು ಬಿದ್ದಿರುತ್ತದೆ.

ನಮ್ಮ ಸಿಡ್ನಿಯಲ್ಲೇ ನಡೆದದ್ದನ್ನು ನೋಡಿ. ಮಾರ್ಕಸ್ ಐನ್‌ಫೆಲ್ಡ್ ಫೆಡರಲ್ ಕೋರ್ಟಿನ ನಿವೃತ್ತ ನ್ಯಾಯಾಧೀಶರು, ಮಾನವ ಹಕ್ಕುಗಳ ಕೆಲಸಕ್ಕೆ ಹೆಸರಾದವರು. 2006ರ ಜನವರಿಯಲ್ಲಿ ಅವರ ಕಾರು ಸ್ಪೀಡ್ ಕ್ಯಾಮೆರಾದಲ್ಲಿ ಸಿಕ್ಕಿತು. ದಂಡ ಬರೀ 77 ಡಾಲರ್. ಕಾರು ಓಡಿಸುತ್ತಿದ್ದವರು ತಮ್ಮ ಸ್ನೇಹಿತೆ, ಪ್ರೊಫೆಸರ್ ಟೆರೆಸಾ ಬ್ರೆನನ್ ಎಂದು ಅವರು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದರು. ಆಕೆ 2003ರಲ್ಲೇ ತೀರಿಕೊಂಡಿದ್ದರು! ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು ಸುಳ್ಳು ಬೇಕಾಯಿತು. 2009ರ ಮಾರ್ಚ್‌ನಲ್ಲಿ ಅವರಿಗೆ ಮೂರು ವರ್ಷ ಜೈಲು ಶಿಕ್ಷೆಯಾಯಿತು, ಅದರಲ್ಲಿ ಕನಿಷ್ಠ ಎರಡು ವರ್ಷ ಒಳಗಿರಲೇಬೇಕಿತ್ತು. ಇಂಗ್ಲೆಂಡಿನಲ್ಲಿ ಮಂತ್ರಿಯಾಗಿದ್ದ ಕ್ರಿಸ್ ಹ್ಯೂನ್ ತಮ್ಮ ಸ್ಪೀಡಿಂಗ್ ಪಾಯಿಂಟನ್ನು ಆಗಿನ ಹೆಂಡತಿಯ ಹೆಸರಿಗೆ ಹಾಕಿಸಿದ್ದು 2003ರಲ್ಲಿ. 2013ರಲ್ಲಿ ಇಬ್ಬರಿಗೂ ತಲಾ ಎಂಟು ತಿಂಗಳ ಶಿಕ್ಷೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಕಾನೂನು ಏನು ಹೇಳುತ್ತದೆ?

ನ್ಯೂ ಸೌತ್ ವೇಲ್ಸ್‌ನ 1995ರ ಸಾಕ್ಷ್ಯ ಕಾಯ್ದೆಯಲ್ಲಿ ಸಾಕ್ಷಿ ಹೇಳಲು ಇಷ್ಟೇ ವಯಸ್ಸಾಗಿರಬೇಕು ಎಂಬ ನಿಯಮವಿಲ್ಲ. ಪ್ರಮಾಣ ಮಾಡುವುದರ ಅರ್ಥ ತಿಳಿಯದ ಮಗುವೂ ಪ್ರಮಾಣವಿಲ್ಲದೆ ಸಾಕ್ಷಿ ಹೇಳಬಹುದು. ಅದಕ್ಕೆ ಮುಂಚೆ ಕೋರ್ಟು ಮಗುವಿಗೆ ಮೂರು ಮಾತು ತಿಳಿಸಬೇಕು. ನಿಜ ಹೇಳುವುದು ಮುಖ್ಯ. ಉತ್ತರ ಗೊತ್ತಿಲ್ಲದಿದ್ದರೆ, ನೆನಪಿಲ್ಲದಿದ್ದರೆ ಹಾಗೆಂದೇ ಹೇಳಬೇಕು. ಯಾರಾದರೂ ಹೀಗಾಯಿತಲ್ಲವೇ ಎಂದರೆ ನಿಜವಿದ್ದರೆ ಮಾತ್ರ ಒಪ್ಪಬೇಕು, ಸುಳ್ಳನ್ನು ಒಪ್ಪಲೇಬೇಕು ಎಂಬ ಒತ್ತಡ ಬೇಡ. ಓದಿದಾಗ ನಮಗನ್ನಿಸಿದ್ದು, ಈ ಮೂರು ಮಾತು ಕೋರ್ಟಿಗಷ್ಟೇ ಅಲ್ಲ, ಮನೆಗೂ ಬೇಕು.

ಹಾಗೆಂದು ಕಾನೂನಿಗೆ ಕರುಳಿಲ್ಲ ಎನ್ನುವಂತಿಲ್ಲ. ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಗಂಡ, ಹೆಂಡತಿ, ತಂದೆ ತಾಯಿ ಅಥವಾ ಮಗು ಸರ್ಕಾರದ ಪರವಾಗಿ ಸಾಕ್ಷಿ ಹೇಳಲು ಆಕ್ಷೇಪಿಸಬಹುದು. ಸಾಕ್ಷಿಯಿಂದ ಆ ವ್ಯಕ್ತಿಗೆ ಅಥವಾ ಆ ಸಂಬಂಧಕ್ಕೆ ಆಗುವ ನೋವು ಎಷ್ಟು, ಸಾಕ್ಷಿಯ ಅಗತ್ಯ ಎಷ್ಟು ಎಂದು ಕೋರ್ಟು ತೂಗಿ ನೋಡುತ್ತದೆ. ಮೆಲ್ಬೋರ್ನಿನ ನಮ್ಮ ಬಂಧುಗಳಿಗೂ ವಿಕ್ಟೋರಿಯಾದ 2008ರ ಸಾಕ್ಷ್ಯ ಕಾಯ್ದೆಯಲ್ಲಿ ಇಂಥದೇ ಸೆಕ್ಷನ್ ಇದೆ. ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ ಮಕ್ಕಳ ಮೇಲಿನ ದೌರ್ಜನ್ಯ, ಕೌಟುಂಬಿಕ ಹಿಂಸೆಯಂಥ ಕೆಲವು ಅಪರಾಧಗಳಲ್ಲಿ ಈ ರಿಯಾಯಿತಿ ಇಲ್ಲ.

ಭಾರತದಲ್ಲೂ ಮಗುವಿನ ಮಾತಿಗೆ ಬೆಲೆ ಇದೆ. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಂದು ಬಂದ ಹೊಸ ಕಾಯ್ದೆಯಲ್ಲೂ ಪ್ರಶ್ನೆ ಅರ್ಥವಾಗಿ ಸರಿಯಾಗಿ ಉತ್ತರಿಸಬಲ್ಲ ಮಗು ಸಾಕ್ಷಿಯಾಗಬಹುದು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ತಾಯಿಯ ಕೊಲೆಯನ್ನು ಕಂಡ 7 ವರ್ಷದ ಮಗಳ ಸಾಕ್ಷ್ಯವನ್ನು ನಂಬಿ, ತಂದೆಯೇ ಅಪರಾಧಿ ಎಂದು ತೀರ್ಪಿತ್ತಿತು. ಮಗು ಹೇಳುತ್ತಿರುವುದು ತಾನು ಕಂಡದ್ದೋ, ದೊಡ್ಡವರು ಹೇಳಿಕೊಟ್ಟದ್ದೋ ಎಂಬುದನ್ನು ಕೋರ್ಟು ಎಚ್ಚರದಿಂದ ಪರೀಕ್ಷಿಸುತ್ತದೆ.

ಮುಚ್ಚಿಡಬಾರದ ಗುಟ್ಟು

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಬೆಲ್ಟಿನ ವಿಷಯ ಸಣ್ಣದು. ಆದರೆ "ಮನೆ ವಿಷಯ ಹೊರಗೆ ಹೇಳಬಾರದು", "ಪೊಲೀಸ್ ಮುಂದೆ ಬಾಯಿ ಬಿಡಬಾರದು" ಎಂಬ ಪಾಠ ಒಮ್ಮೆ ತಲೆಗೆ ಹತ್ತಿದರೆ, ಅದು ಬೆಲ್ಟಿಗೆ ಒಂದು, ಹೊಡೆತಕ್ಕೆ ಒಂದು ಎಂದು ಮಗು ವಿಂಗಡಿಸುವುದಿಲ್ಲ. ನಾಳೆ ಯಾರೋ ಅದರ ಮೈ ಮುಟ್ಟಿ "ಇದು ನಮ್ಮಿಬ್ಬರ ಗುಟ್ಟು" ಎಂದರೆ? ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದ್ದರೆ? ಆಗ ಮಗುವನ್ನು ಕಾಪಾಡುವುದು ಬಾಯಿಬಿಡುವ ಧೈರ್ಯ ಒಂದೇ. ಮರ್ಯಾದೆಗೆ ಅಂಜಿ ಅದನ್ನು ನಾವೇ ಕಿತ್ತುಕೊಂಡರೆ ಹೇಗೆ?

ನಮ್ಮ ಇನ್ನೊಂದು ಹಳೇ ಚಾಳಿಯನ್ನೂ ಬಿಡಬೇಕು. "ಊಟ ಮಾಡದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ" ಎಂದು ಹೆದರಿಸಿ ಅನ್ನ ತಿನ್ನಿಸುತ್ತೇವೆ. ಆ ಮಗು ಪ್ಯಾರಮಟ್ಟಾದ ವೆಸ್ಟ್‌ಫೀಲ್ಡ್ ಮಾಲಿನ ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ, ಗುಮ್ಮನ ಹತ್ತಿರ ಹೋಗಿ ಸಹಾಯ ಕೇಳೀತೇ?

ನಾವು ಮಾಡಿದ್ದು

ಮಾರನೇ ದಿನ ನಾವಿಬ್ಬರೂ ಪುಟ್ಟಿಯನ್ನು ಕೂರಿಸಿಕೊಂಡು, "ನೀನು ಹೇಳಿದ್ದು ಸರಿ, ತಪ್ಪು ನಮ್ಮದು, ನಿನ್ನನ್ನ ಬೈದದ್ದೂ ತಪ್ಪು" ಎಂದೆವು. 4 ತುಂಬಿ 7 ತುಂಬದ ಮಕ್ಕಳು ಅವರಿಗೆ ತಕ್ಕ ಸೀಟಿನಲ್ಲಿ ಅಥವಾ ಬೂಸ್ಟರಿನಲ್ಲೇ ಕೂರಬೇಕೆಂಬ ನಿಯಮ ದಂಡ ವಸೂಲಿಗಲ್ಲ, ಅಪಘಾತದಲ್ಲಿ ಅಜ್ಜಿಯ ಎಷ್ಟೇ ಪ್ರೀತಿಯ ಕೈಯೂ ಮಗುವನ್ನು ಹಿಡಿದಿಡಲಾರದು ಎಂದು ಅತ್ತೆಯವರಿಗೆ ಬಿಡಿಸಿ ಹೇಳಿದೆವು. ಅವರು ಮೊದಲು ಮುನಿಸಿಕೊಂಡರು. ಸಂಜೆ ತಾವೇ ಮೊಮ್ಮಗಳ ತಲೆ ಸವರಿ, "ಹರಿಶ್ಚಂದ್ರನ ಮೊಮ್ಮಗಳು ಕಣೇ ನೀನು" ಎಂದರು.

ಇನ್ನೆರಡು ವಿಷಯ ಅವಳಿಗೆ ಕಲಿಸುತ್ತಿದ್ದೇವೆ. ಹುಟ್ಟುಹಬ್ಬದ ಉಡುಗೊರೆಯಂತೆ ಆಮೇಲೆ ಎಲ್ಲರಿಗೂ ಗೊತ್ತಾಗಿ ಖುಷಿ ಕೊಡುವುದು ಸರ್‌ಪ್ರೈಸ್, ಅದನ್ನು ಬಚ್ಚಿಡಬಹುದು. ಭಯವಾಗುವ, ಹೊಟ್ಟೆಯಲ್ಲಿ ಸಂಕಟವಾಗುವ ಗುಟ್ಟನ್ನು ಯಾರೇ ಬೇಡವೆಂದರೂ ಹೇಳಲೇಬೇಕು. ಅಪಾಯವಿದ್ದರೆ 000ಗೆ ಫೋನ್ ಮಾಡಬೇಕು. ಐದು ವರ್ಷ ತುಂಬಿದ ಮಕ್ಕಳೂ ಮಾತಾಡಬಹುದಾದ ಕಿಡ್ಸ್ ಹೆಲ್ಪ್‌ಲೈನ್ ನಂಬರ್ 1800 55 1800. ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವ ದೊಡ್ಡವರಿಗೆ 1800 737 732. ಫ್ರಿಜ್ಜಿನ ಮೇಲೆ ಬರೆದು ಅಂಟಿಸಿಡಿ.

ಈಗ ನಮ್ಮ ಕಾರು ಹೊರಡುವ ಮೊದಲು ಹಿಂದಿನ ಸೀಟಿನಿಂದ ಅಪ್ಪಣೆಯಾಗುತ್ತದೆ. "ಎಲ್ರದ್ದೂ ಬೆಲ್ಟ್ ಆಯ್ತಾ? ಅಜ್ಜಿ, ತೋರ್ಸಿ!" ಅತ್ತೆ ಬೆಲ್ಟು ಎಳೆದು ತೋರಿಸಿದ ಮೇಲೆಯೇ ಕಾರು ಮುಂದಕ್ಕೆ. ನಿಮ್ಮ ಮನೆಯ ಪುಟ್ಟ ಹರಿಶ್ಚಂದ್ರರ ಕಥೆಯನ್ನೂ ಬರೆದು ಕಳಿಸಿ. ಓದಿ ನಗೋಣ, ಕಲಿಯೋಣ.