ಕಂಪ್ಯೂಟರಿನ ಲೈಬ್ರರಿ ಫೋನಿಗೆ ಒಗ್ಗುವುದು ಹೇಗೆ?

ಪ್ರಶ್ನೆ: ಬಂಡೀಪುರದಂಥ ಕಾಡಿನ ಗಾರ್ಡುಗಳು ಬಳಸುವ ಆ್ಯಪ್‌ಗಳಿಗೆ ಬೇರೆಯವರು ಬರೆದ ಲೈಬ್ರರಿಗಳೂ ಬೇಕಂತೆ. ಕಂಪ್ಯೂಟರಿನಿಂದ ಅವನ್ನು ನಕಲು ಮಾಡಿಕೊಂಡರೆ ಸಾಲದೆ?
— ಓದುಗರು, ಗುಂಡ್ಲುಪೇಟೆ

ಉತ್ತರ: ಸಾಲದು.

2018ರ ಹುಲಿ ಗಣತಿಯಲ್ಲಿ ಸಿಬ್ಬಂದಿ ಬೀಟ್ ಸುತ್ತುತ್ತ ಹೆಜ್ಜೆಗುರುತುಗಳನ್ನು ದಾಖಲಿಸಿದ್ದು ಎಂ-ಸ್ಟ್ರೈಪ್ಸ್ ಎಂಬ ಆಂಡ್ರಾಯ್ಡ್ ಆ್ಯಪ್‌ನಲ್ಲಿ. ನಕ್ಷೆ ತೋರಿಸುವ, ಮಾಹಿತಿ ಕೂಡಿಡುವ ಇಂಥ ಕೆಲಸಗಳಿಗೆ ಸಿ ಭಾಷೆಯ ಸಿದ್ಧ ಲೈಬ್ರರಿಗಳು, ಅಂದರೆ ಮತ್ತೆ ಮತ್ತೆ ಬಳಸಬಲ್ಲ ಕೋಡಿನ ಕಟ್ಟುಗಳು, ಬೇಕಾದಷ್ಟಿವೆ. ತೊಡಕಿರುವುದು ಅವು ನಿಲ್ಲುವ ನೆಲದಲ್ಲಿ, ಅಂದರೆ ಎಲ್ಲ ಪ್ರೋಗ್ರಾಂಗಳೂ ನೆಚ್ಚುವ ಮೂಲ ಸಿ ಲೈಬ್ರರಿಯಲ್ಲಿ. ಸಾಮಾನ್ಯ ಲಿನಕ್ಸ್ ಕಂಪ್ಯೂಟರಿನಲ್ಲಿ ಗ್ಲಿಬ್‌ಸಿ ಇದ್ದರೆ ಆಂಡ್ರಾಯ್ಡ್‌ನಲ್ಲಿರುವುದು ಬಯೋನಿಕ್. ಪ್ರೊಸೆಸರ್ ಕೂಡ ಬಹುಪಾಲು ಆರ್ಮ್. ಹಾಗಾಗಿ ಮೂಲ ಕೋಡನ್ನು ಆಂಡ್ರಾಯ್ಡ್‌ನ ಎನ್‌ಡಿಕೆ ಸಲಕರಣೆಯಿಂದ ಮತ್ತೆ ಕಂಪೈಲ್ ಮಾಡಬೇಕು. ಆಗಲೂ ರಗಳೆ ತಪ್ಪದು: ಲಿನಕ್ಸ್‌ನಲ್ಲಿ ಎಲ್ಲರೂ ಬರೆಯಬಹುದಾದ ‘ಟೆಂಪ್’ ಫೋಲ್ಡರ್ ಉಂಟು, ಇಲ್ಲಿ ಆ್ಯಪ್‌ಗೆ ತನ್ನದೇ ಕೋಣೆ. ಹಳೇ ದಾರಿ ನಂಬಿದ ಲೈಬ್ರರಿ ಬಾಗಿಲಲ್ಲೇ ಮುಗ್ಗರಿಸುತ್ತದೆ.

ರಿಚರ್ಡ್ ಹಿಪ್ 2000ದಲ್ಲಿ ಹೊರತಂದ, ಮಾಹಿತಿ ಕೂಡಿಡುವ ಲೈಬ್ರರಿ ಎಸ್‌ಕ್ಯೂಲೈಟ್ ಈ ವಿಷಯದಲ್ಲಿ ಜಾಣ. ಆಪರೇಟಿಂಗ್ ಸಿಸ್ಟಮ್ ಮುಟ್ಟುವ ಕೆಲಸವನ್ನೆಲ್ಲ ವಿಎಫ್‌ಎಸ್ ಎಂಬ ಪದರಕ್ಕೆ ವಹಿಸಿದೆ; ಹೊಸ ವ್ಯವಸ್ಥೆಗೆ ಹೋಗುವಾಗ ಮುಖ್ಯವಾಗಿ ಬದಲಾಗಬೇಕಾದದ್ದು ಅದೊಂದೇ. ಎಲ್ಲರೂ ಇಷ್ಟು ಮುಂದಾಲೋಚನೆ ಮಾಡಿರುವುದಿಲ್ಲ ಬಿಡಿ.

ಒಮ್ಮೆ ಒಗ್ಗಿಸಿದರೆ ಮುಗಿಯಿತೇ? ಅದೂ ಇಲ್ಲ. ಮೆಮೊರಿಯನ್ನು ಹಂಚುವ ತುಂಡು, ಅಂದರೆ ‘ಪುಟ’, 4 ಕಿಲೋಬೈಟ್ ಎಂದೇ ಆಂಡ್ರಾಯ್ಡ್ ಲೈಬ್ರರಿಗಳು ಎಣಿಸಿದ್ದವು. ಆಂಡ್ರಾಯ್ಡ್ 15 ಬಂದಾಗ 16 ಕಿಲೋಬೈಟ್ ಪುಟಕ್ಕೂ ದಾರಿ ತೆರೆಯಿತು. ಹಳೆಯ ಲೈಬ್ರರಿಗಳು ಮತ್ತೆ ಕಂಪೈಲರ್ ಮುಂದೆ ಸಾಲು ನಿಂತವು.