ಯೋಗ್ಯತೆಗೂ ಅವಧಿಯುಂಟೆ?

ನನ್ನ ಹಳೆಯ ಟ್ರಂಕಿನಲ್ಲಿ ಎರಡು ಸರ್ಟಿಫಿಕೇಟುಗಳಿವೆ. ಒಂದು ಇಂಗ್ಲಿಷ್ ಬೆರಳಚ್ಚಿನದು, ಇನ್ನೊಂದು ಕನ್ನಡದ್ದು. 1980ರ ದಶಕದಲ್ಲಿ ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ಹೊಳೆ ದಾಟಿ, ಆಚೆಯ ದಂಡೆಯಲ್ಲಿ ಬಸ್ಸು ಹಿಡಿದು, ಕುಮಟೆಗೆ ಹೋಗಿ ಕಲಿತ ವಿದ್ಯೆ ಅದು. ಆ ಕಾಗದಗಳ ಮೇಲೆ ಅವಧಿ ಮುಗಿಯುವ ದಿನಾಂಕವಿಲ್ಲ. ಆದರೂ ಕಾಲವು ಎರಡನ್ನೂ ಒಂದೇ ರೀತಿಯಲ್ಲಿ ನಡೆಸಿಕೊಳ್ಳಲಿಲ್ಲ. ಬೆರಳಚ್ಚು ಯಂತ್ರ ಹೋಗಿ ಗಣಕಯಂತ್ರ ಬಂದಾಗ ಇಂಗ್ಲಿಷ್ ಅಕ್ಷರಗಳು ತಮ್ಮ ಹಳೆಯ ಸ್ಥಾನಗಳಲ್ಲಿಯೇ ಕುಳಿತು ಬಂದವು. ನನ್ನ ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ಕನ್ನಡದ ಮಾತು ಬೇರೆಯಾಯಿತು. ನಾನು ಪಳಗಿದ್ದು ಅನಂತ ಸುಬ್ಬರಾಯರು ಬೆರಳಚ್ಚು ಯಂತ್ರಕ್ಕೆಂದು ರೂಪಿಸಿದ ಕೀಲಿಮಣೆಯಲ್ಲಿ. ಗಣಕದಲ್ಲಿ ನೆಲೆಯೂರಿದ್ದು ಕೆ. ಪಿ. ರಾವ್ ಅವರ ವಿನ್ಯಾಸ. ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದ ನಾನು ಮತ್ತೆ ಒಂದೊಂದೇ ಅಕ್ಷರವನ್ನು ಹುಡುಕುತ್ತ ಕೂರಬೇಕಾಯಿತು.

ಈ ಸಂಗತಿ ನೆನಪಾದದ್ದು 2025ರ ದೀಪಾವಳಿಗೆ ಹೊನ್ನಾವರದಲ್ಲಿರುವ ತಂಗಿಯ ಮನೆಗೆ ಹೋದಾಗ. ಅವಳ ಮಗ ಬೆಂಗಳೂರಿನಲ್ಲಿ ಗಣಕ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಾನೆ. ಊಟ ಮುಗಿದ ಮೇಲೆ ಜಗಲಿಯಲ್ಲಿ ಕುಳಿತಾಗ ಕೇಳಿದ: "ಮಾವ, ನನ್ನ ಲಿನಕ್ಸ್ ಸರ್ಟಿಫಿಕೇಟಿನ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಮತ್ತೆ ಪರೀಕ್ಷೆಗೆ ಕೂರಲೋ, ಬೇಡವೋ? ಶುಲ್ಕ ಸಾವಿರಾರು ರೂಪಾಯಿ. ಆ ದುಡ್ಡಿನಲ್ಲಿ ಮನೆಯ ಮಾಡು ರಿಪೇರಿಯಾದರೂ ಆದೀತು." ಒಳಗಿನಿಂದ ತಂಗಿ, "ಒಮ್ಮೆ ಪಾಸಾದವನಿಗೆ ಮತ್ತೆಂಥ ಪರೀಕ್ಷೆಯೋ?" ಎಂದಳು. ಮೂವತ್ತು ವರ್ಷ ಅದೇ ಕಸುಬಿನಲ್ಲಿದ್ದು ಊರಿಗೆ ಮರಳಿದ ನನಗೆ ಉತ್ತರ ಸುಲಭವಾಗಿ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಗಣಕದ ಬಿಡಿಭಾಗಗಳಿಗೂ ಅದರಲ್ಲಿ ನಾವು ಮಾಡುವ ಕೆಲಸಗಳಿಗೂ ನಡುವೆ ನಿಂತು ಯಜಮಾನಿಕೆ ನಡೆಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಅದನ್ನು ಬಲ್ಲೆನೆಂದು ಹೇಳುವ ಪತ್ರವನ್ನು ಅದನ್ನು ತಯಾರಿಸಿದ ಸಂಸ್ಥೆಯೇ ಪರೀಕ್ಷೆ ನಡೆಸಿ ಕೊಡುತ್ತದೆ. ನನ್ನ ಅಳಿಯ ಪಡೆದಿರುವ ರೆಡ್ ಹ್ಯಾಟ್ ಸಂಸ್ಥೆಯ ಪತ್ರಕ್ಕೆ ಮೂರು ವರ್ಷಗಳ ಆಯುಷ್ಯ. ಆ ಸಂಸ್ಥೆಯ ಲಿನಕ್ಸ್ ಕೂಡ ಸುಮಾರು ಮೂರು ವರ್ಷಕ್ಕೊಮ್ಮೆ ಹೊಸ ಅವತಾರವೆತ್ತುತ್ತದೆ: 2019ರಲ್ಲಿ ಎಂಟನೆಯದು, 2022ರಲ್ಲಿ ಒಂಬತ್ತನೆಯದು, 2025ರ ಮೇ ತಿಂಗಳಲ್ಲಿ ಹತ್ತನೆಯದು.

ಇಷ್ಟು ಬೇಗ ಬೇಗ ಎಲ್ಲವೂ ಬದಲಾಗುವುದೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ಒಂದು ಕಡತವನ್ನು ಒಡೆಯನು ಓದಬಹುದೇ, ಬರೆಯಬಹುದೇ, ನಡೆಸಬಹುದೇ. ಅವನ ಗುಂಪಿನವರಿಗೆ ಎಷ್ಟು ಅಧಿಕಾರ, ಹೊರಗಿನವರಿಗೆ ಎಷ್ಟು ಎಂಬ ಏರ್ಪಾಡು 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯೂನಿಕ್ಸ್ ಪರಂಪರೆಯಿಂದ ಬಂದದ್ದು. ಇಂದಿನ ಲಿನಕ್ಸಿನಲ್ಲಿಯೂ ಅದೇ ಇದೆ. ಇದು ಇಂಗ್ಲಿಷ್ ಕೀಲಿಮಣೆಯಂತೆ, ಒಮ್ಮೆ ಕಲಿತರೆ ಬಾಳಿಗೆ ಬರುವಂಥದು. ಆದರೆ 2014ರಲ್ಲಿ ಏಳನೆಯ ಆವೃತ್ತಿ ಬಂದಾಗ, ಯಂತ್ರ ಎದ್ದ ಕೂಡಲೇ ಒಳಗಿನ ಸೇವೆಗಳನ್ನು ಎಬ್ಬಿಸುವ ಹಳೆಯ ಪದ್ಧತಿಯೇ ಹೋಗಿ ಸಿಸ್ಟಮ್‌ಡಿ ಎಂಬ ಹೊಸತು ಬಂತು. ಇದು ಕನ್ನಡ ಕೀಲಿಮಣೆಯ ಕಥೆ.

ಆ ಹೊತ್ತಿನ ನನ್ನ ಅವಮಾನವನ್ನು ಮುಚ್ಚಿಡಲಾರೆ. ಹಳೆಯ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿ ಮೇಜಿನ ಹಿಂದೆ ತೂಗುಹಾಕಿದ್ದೆ. ಹೊಸತನ್ನು ಕಲಿಯುವುದು ಹುಡುಗರ ಕೆಲಸವೆಂದುಕೊಂಡಿದ್ದೆ. ಒಂದು ರಾತ್ರಿ ವಿದ್ಯುತ್ ಹೋಗಿ ಬಂದ ಮೇಲೆ ಮುಖ್ಯ ಗಣಕ ಎದ್ದಿತು, ಅದರೊಳಗಿನ ಸೇವೆಗಳು ಏಳಲಿಲ್ಲ. ನನಗೆ ಗೊತ್ತಿದ್ದ ಆಜ್ಞೆಗಳಿಗೆ ಅದು ಓಗೊಡಲಿಲ್ಲ. ಸೇರಿ ಆರು ತಿಂಗಳಾಗಿದ್ದ ಹುಡುಗಿಯೊಬ್ಬಳು ಬಂದು ಹತ್ತು ನಿಮಿಷದಲ್ಲಿ ಸರಿಪಡಿಸಿದಳು. ಚೌಕಟ್ಟಿನ ಕಾಗದ ಗೋಡೆಯ ಮೇಲೆಯೇ ಇತ್ತು.

ಹಾಗೆಂದು ಸಂಸ್ಥೆಗಳು ಕರೆದಾಗಲೆಲ್ಲ ಓಡಬೇಕೆಂದು ನಾನು ಹೇಳುತ್ತಿಲ್ಲ. ವಿಂಡೋಸ್ 2000 ಬಂದಾಗ ಮೈಕ್ರೋಸಾಫ್ಟ್ ಸಂಸ್ಥೆ, ಹಿಂದಿನ ಎನ್.ಟಿ. 4.0 ಕಲಿತು ಯೋಗ್ಯತಾಪತ್ರ ಪಡೆದವರು 2001ರ ಕೊನೆಯೊಳಗೆ ಹೊಸ ಪರೀಕ್ಷೆಗಳನ್ನು ಮುಗಿಸದಿದ್ದರೆ ಆ ಮನ್ನಣೆ ಇಲ್ಲವಾಗುವುದೆಂದು ಸಾರಿತು. ದೊಡ್ಡ ಪ್ರತಿಭಟನೆಯೇ ಎದ್ದಿತು. ಕೊನೆಗೆ 2001ರ ಅಕ್ಟೋಬರಿನಲ್ಲಿ ಸಂಸ್ಥೆ ಹಿಂದೆ ಸರಿದು, ಮನ್ನಣೆ ಉಳಿಯಲಿ, ಯಾವ ಆವೃತ್ತಿಯದೆಂಬುದನ್ನು ಅದರ ಜೊತೆಗೇ ನಮೂದಿಸೋಣ ಎಂದಿತು. ನನಗೆ ಇದು ನ್ಯಾಯವೆಂದು ತೋರುತ್ತದೆ. ಕಲಿತದ್ದು ಸುಳ್ಳಾಗುವುದಿಲ್ಲ, ಯಾವಾಗ, ಯಾವುದನ್ನು ಕಲಿತದ್ದೆಂದು ಹೇಳಿದರೆ ಸಾಕು. ಅದೇ ಸಂಸ್ಥೆಯ ಈಚಿನ ಹಲವು ಪತ್ರಗಳಿಗೆ 2021ರಿಂದ ಒಂದೇ ವರ್ಷದ ಅವಧಿ. ಆದರೆ ನವೀಕರಣಕ್ಕೆ ಶುಲ್ಕವಿಲ್ಲ, ಮನೆಯಲ್ಲಿಯೇ ಕುಳಿತು ಉತ್ತರಿಸಬಹುದು.

ನಮ್ಮ ಕರಾವಳಿಯವರಿಗೆ ಇನ್ನೊಂದು ಹೋಲಿಕೆ ಬೇಗ ಅರ್ಥವಾದೀತು. 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗಿನ ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ತಮ್ಮ ಯೋಗ್ಯತಾಪತ್ರವನ್ನು ಊರ್ಜಿತಗೊಳಿಸಿಕೊಳ್ಳಬೇಕು. ಆದರೆ ಆ ಐದು ವರ್ಷಗಳಲ್ಲಿ ಒಟ್ಟು ಹನ್ನೆರಡು ತಿಂಗಳು ಕಡಲಿನಲ್ಲಿ ದುಡಿದಿದ್ದರೆ ಆ ದುಡಿಮೆಯೇ ಸಾಮರ್ಥ್ಯಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಗಣಕದ ಲೋಕ ಈ ಔದಾರ್ಯವನ್ನು ಇನ್ನೂ ಕಲಿತಿಲ್ಲ. ಮೂರು ವರ್ಷ ಹಗಲಿರುಳು ಯಂತ್ರ ಕಾಯ್ದವನನ್ನೂ ಮತ್ತೆ ಪರೀಕ್ಷೆಯ ಕೋಣೆಗೇ ಕರೆಯುತ್ತದೆ. ಈ ವಿಷಯದಲ್ಲಿ ತಂಗಿಯ ಆಕ್ಷೇಪ ಸರಿಯಾದದ್ದೇ.

ಆದರೆ ಕಲಿಕೆಯನ್ನು ಮುಂದೂಡಿದರೆ ನಷ್ಟ ನಮಗಷ್ಟೇ ಅಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನ ಅಸಂಖ್ಯ ಗಣಕಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತುಹೋದವು. ಅದು ನುಗ್ಗಿದ ರಂಧ್ರಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲಿಯೇ ಕೊಟ್ಟಿತ್ತು, ಹಾಕದವರು ಕೆಟ್ಟರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಸಾಮಾನ್ಯ ಆಧಾರ ನಿಂತಿತು. ಅದೇ ವಿಂಡೋಸ್ ನಡೆಯುತ್ತಿರುವ ಸೊಸೈಟಿಗಳೂ ದವಾಖಾನೆಗಳೂ ನಮ್ಮ ತಾಲ್ಲೂಕುಗಳಲ್ಲಿ ಇಲ್ಲದಿಲ್ಲ. ಅವುಗಳನ್ನು ನೋಡಿಕೊಳ್ಳುವವನು ತನ್ನ ವಿದ್ಯೆಯನ್ನು ಹಳತಾಗಲು ಬಿಟ್ಟರೆ ಅಪಾಯ ಯಾರೋ ಬಡವನ ಠೇವಣಿಗೆ, ಯಾರೋ ರೋಗಿಯ ದಾಖಲೆಗೆ.

ಇದನ್ನೆಲ್ಲ ತೂಗಿ ನಾನು ಅಳಿಯನಿಗೆ ಹೇಳಿದೆ: "ಹೊಸ ಆವೃತ್ತಿಯನ್ನು ಈಗಲೇ ಕಲಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯ ಹಳೆಯ ಗಣಕವೊಂದು ಸಾಕು. ಶುಲ್ಕವಿಲ್ಲದ ನವೀಕರಣವಿದ್ದರೆ ತಪ್ಪಿಸಬೇಡ. ದುಡ್ಡು ಕೊಡಬೇಕಾದ ಪರೀಕ್ಷೆಗೆ ಮಾತ್ರ ಎರಡು ಪ್ರಶ್ನೆ ಕೇಳಿಕೋ. ನಿನ್ನ ಕೆಲಸ ಆ ಆವೃತ್ತಿಗೆ ಹೋಗಲಿದೆಯೇ? ನಿನ್ನನ್ನು ಅರಿಯದವರ ಮುಂದೆ ಕೆಲಸ ಕೇಳಿ ನಿಲ್ಲಲಿದ್ದೀಯಾ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ ಪರೀಕ್ಷೆಗೆ ಕೂರು. ಎರಡಕ್ಕೂ ಇಲ್ಲವೆಂದಾದರೆ ಮೊದಲು ಮಾಡು ರಿಪೇರಿ ಮಾಡಿಸು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಚೇರಿಯಲ್ಲಿ ಇರುವುದು ಎಂಟು ಮತ್ತು ಒಂಬತ್ತು, ಎಂಟಕ್ಕೇ 2029ರವರೆಗೆ ಆಧಾರವಿದೆ. ಆದರೆ ಭಟ್ಕಳದ ಗೆಳೆಯನೊಬ್ಬ ದುಬೈಗೆ ಕರೆಯುತ್ತಿದ್ದಾನೆ" ಎಂದ. ಉತ್ತರ ಅವನಿಗೇ ಸಿಕ್ಕಿತ್ತು. ಒಳಗೆ ಪಾತ್ರೆಗಳ ಸದ್ದು ಒಮ್ಮೆಲೇ ನಿಂತಿತು. ದುಬೈಯ ಮಾತನ್ನು ತಂಗಿ ಕೇಳಿದ್ದು ಅದೇ ಮೊದಲು.

ಮರುದಿನ ಹಿಂದಿರುಗುವಾಗ ಹೊಳೆಯಂಚಿನ ಗಜನಿ ಗದ್ದೆಗಳನ್ನು ನೋಡುತ್ತ ಬಂದೆ. ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ತಳಿ ತಲೆಮಾರುಗಳಿಂದ ಅದೇ. ಅದನ್ನು ಯಾರೂ ವರ್ಷವರ್ಷ ಬದಲಿಸಲಿಲ್ಲ. ಹೊಳೆಯ ಉಬ್ಬರವನ್ನು ತಡೆಯುವ ಮಣ್ಣಿನ ಒಡ್ಡನ್ನು ಮಾತ್ರ ರೈತರು ಮತ್ತೆ ಮತ್ತೆ ಕಟ್ಟುತ್ತಲೇ ಬಂದರು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಹೊಸದಾಗಿ ಕಟ್ಟಬೇಕು ಎಂಬ ವಿವೇಕವನ್ನು ಅವರಿಗೆ ಯಾವ ಸಂಸ್ಥೆಯೂ ಪತ್ರದಲ್ಲಿ ಬರೆದು ಕೊಟ್ಟಿರಲಿಲ್ಲ.

(ಬಾನುಲಿ ಭಾಷಣ)